ಎಡನೂಲು, ಬಲನೂಲು

ಕುಸ್ಕೋ
ಮಾರ್ಚ್ ೨, ೧೯೯೭

ಅವ್ವ,

ಲಾರಿ ಸಿಪ್ರಿಯಾನೋ ನಿನ್ನೆ ಅಚ್ಚುಕೂಟದ ಬಾಗಿಲಲ್ಲಿ ನೀನು ಕಳಿಸಿದ ಆಲೂಗಡ್ಡೆ ಚೀಲ ಇಳಿಸಿದ. ಜೊತೆಗೆ ಒಂದು ಸುದ್ದಿಯನ್ನೂ ಇಳಿಸಿ ಹೋದ. ಚಿಲ್ಕಾ ಇಳಿಜಾರನ್ನು ಪೂರ್ತಿ ಬೋಳಿಸಿ ನೀಲಗಿರಿ ನೆಡುತ್ತಾರಂತೆ. ಸಸಿ ಪುಕ್ಕಟೆಯಂತೆ. ಆಗಸ್ಟ್ ಒಂದರ ಊರಸಭೆಯಲ್ಲಿ ಕೈ ಎತ್ತಿಸಿ ತೀರ್ಮಾನವಂತೆ. "ಅಲ್ಲೇನೈತೆ ಅಂತ ಉಳಿಸ್ಕೋಬೇಕು? ಬರೀ ಕಳೆ" ಎಂದು ನಮ್ಮ ಅಧ್ಯಕ್ಷ ದೋನ್ ಪ್ಲಾಸಿದೋ ಹೇಳಿದರಂತೆ.

ಕಳೆ! ಉಣ್ಣೆಗೆ ಹಸಿರು ಕೊಡುವ ಚಿಲ್ಕಾ ಕಳೆ. ಹಳದಿ ಕೊಡುವ ಕೋಲ್ಯೆ ಹೂವು ಕಳೆ. ಪಾಪಾಸುಕಳ್ಳಿಯ ಮೇಲೆ ಕೂತು ಕೆಂಪು ಕೊಡುವ ಹುಳು ಬಹುಶಃ ಪೀಡೆ. ಅವ್ವ, ಈಗ ನಿನ್ನ ಹೆಗಲ ಮೇಲಿರುವ ಹೊದಿಕೆಯನ್ನು ಒಮ್ಮೆ ನೋಡಿಕೋ. ಆ ಇಳಿಜಾರನ್ನೇ ಅಲ್ಲವೇ ನೀನು ಹೊದ್ದಿರುವುದು? ನೀಲಗಿರಿಯ ಬೇರು ಕೆಳಗಿನ ಒರತೆಯನ್ನು ಕುಡಿದು ಮುಗಿಸಿದ ಮೇಲೆ ಊರಿನ ಎರಡು ಪಾಲಿನಲ್ಲಿ ನಮ್ಮ ಮೇಲೂರಿಗೂ ನೀರಿಲ್ಲ, ಆ ಕೆಳೂರಿಗೂ ಇಲ್ಲ. ಇದನ್ನು ನಾನು ಕನಸು ಕಂಡು ಹೇಳುತ್ತಿಲ್ಲ. ಪಕ್ಕದ ಕಣಿವೆಯಲ್ಲಿ ಹೀಗೇ ಆದದ್ದನ್ನು ನಮ್ಮ ಅಚ್ಚುಕೂಟದಲ್ಲೇ ಒಂದು ಕರಪತ್ರವಾಗಿ ಛಾಪಿಸಿದ್ದೇವೆ. ಅದರ ಪ್ರತಿ ಅಕ್ಷರವನ್ನೂ ನನ್ನ ಕೈಯಾರೆ ಜೋಡಿಸಿದ್ದೇನೆ.

ನನಗೊಂದು ಯೋಚನೆ ಬಂದಿದೆ. ಎಪ್ಪತ್ತೊಂದು ಮನೆಯವರೂ ಇಳಿಜಾರು ಹತ್ತಬೇಕು. ಪ್ರತಿ ಮನೆಯವರು ತಮಗೆ ಬೇಕಾದ ಒಂದು ಗಿಡ ಆರಿಸಿ, ಅದರ ಹೆಸರನ್ನು ಗಟ್ಟಿಯಾಗಿ ಹೇಳಿ, ಅದರಿಂದ ಒಂದು ಲಡಿ ಉಣ್ಣೆಗೆ ಬಣ್ಣ ಹಾಕಬೇಕು. ಮೇಲೂರು ಒಂದು ಹೋಳು, ಕೆಳೂರು ಒಂದು ಹೋಳು ನೇಯಬೇಕು. ನಮ್ಮ ಹೆಗಲ ಹೊದಿಕೆಗಳೆಲ್ಲ ಎರಡು ಹೋಳು ಸೇರಿಸಿ ಹೊಲಿದವೇ ಅಲ್ಲವೇ? ಇದೂ ಹಾಗೇ, ಆದರೆ ಇಪ್ಪತ್ತು ಹೆಜ್ಜೆ ಉದ್ದದ್ದು. ಬೆಟ್ಟದ ಹೆಗಲಿಗೆ. ಆಗಸ್ಟ್ ಒಂದು, ಭೂಮಿ ಬಾಯಿ ತೆರೆದು ನೈವೇದ್ಯ ಕೇಳುವ ದಿನ, ಎರಡನ್ನೂ ಹೊಲಿದು ಇಳಿಜಾರಿನ ಮೇಲೆ ಹಾಸೋಣ. ಆಮೇಲೆ ಕೈ ಎತ್ತಲಿ, ನೋಡೋಣ.

ಒಂದೇ ಹೋಳಾದರೆ ಪ್ರಯೋಜನವಿಲ್ಲ. ಮೇಲೂರು ಹೂಂ ಎಂದರೆ ಕೆಳೂರು ಊಹೂಂ ಎನ್ನುತ್ತದೆ, ನಿನಗೇ ಗೊತ್ತು. ಕೆಳೂರಿನಲ್ಲಿ ಇಷ್ಟು ಉದ್ದ ನೇಯ್ಗೆಯ ಹಾಸುನೂಲು ಹೂಡಬಲ್ಲವಳು ಒಬ್ಬಳೇ. ಅವಳ ಹೆಸರು ಬರೆದರೆ ನೀನು ಈ ಕಾಗದವನ್ನು ಒಲೆಗೆ ಹಾಕುತ್ತೀಯ. ಆದರೂ ಬರೆಯುತ್ತೇನೆ: ವಿಸೆಂತಾ, ಜ್ಞಾನಸ್ನಾನದ ದಿನ ನನ್ನನ್ನು ಎತ್ತಿ ಹಿಡಿದ ನನ್ನ ಮದ್ರಿನಾ, ನನ್ನ ಜ್ಞಾನತಾಯಿ.

ನಿನ್ನ ಮಗಳು
ನೊಯೆಮಿ


ಪುಕ್ಯುಪಾತಾ
ಮಾರ್ಚ್ ೧೬

ನೊಯೆಮಿ,

ಕಾಗದವನ್ನು ಒಲೆಗೆ ಹಾಕಲಿಲ್ಲ. ನಿನ್ನಪ್ಪ ಕಿತ್ತುಕೊಂಡರು.

ಕದಿರು ಹಿಡಿಯಲಾರೆ, ಮಗ್ಗದ ಮುಂದೆ ಕೂತು ಮುದುಕಿಯಾಗಲಾರೆ ಎಂದು ನೀನು ಊರು ಬಿಟ್ಟು ಎರಡು ವರ್ಷವಾಯಿತು. ಈಗ ಊರಿಗೆ ಊರೇ ನೇಯಲಿ ಎಂದು ಅಲ್ಲಿಂದ ಅಪ್ಪಣೆ ಬರುತ್ತಿದೆ. ನೀನು ನೂತ ಕೊನೆಯ ನೂಲಿನ ಕಥೆ ಕೇಳು. ಅದನ್ನು ಕೋಳಿಯ ಕಾಲಿಗೆ ಕಟ್ಟಿದ್ದೆ. ಕೋಳಿಯೂ ಹರಿದುಕೊಂಡು ಹೋಯಿತು.

ಆ ಎಡಚಿಯ ಹೆಸರು ನನ್ನ ಮನೆಗೆ ಬರುವ ಕಾಗದದಲ್ಲಿ ಇರಬಾರದು. ಹನ್ನೊಂದು ವರ್ಷದಿಂದ ಒಂದೇ ಒರತೆಯ ನೀರು ತರುತ್ತೇವೆ. ಅವಳ ಕೊಡ ಕಂಡರೆ ನಾನು ದನ ಹುಡುಕುವವಳ ಹಾಗೆ ಬೇರೆ ಕಡೆ ನೋಡುತ್ತೇನೆ. ಅವಳೂ ಹಾಗೇ. ಆ ಮಟ್ಟಿಗೆ ನಮ್ಮಿಬ್ಬರಲ್ಲಿ ಒಳ್ಳೆಯ ಹೊಂದಾಣಿಕೆ ಇದೆ.

ಮೊನ್ನೆ ಕುರಿ ಹೊಡೆದುಕೊಂಡು ಇಳಿಜಾರಿಗೆ ಹೋಗಿದ್ದೆ. ಸುಮ್ಮನೆ ಇರಲಿ ಅಂತ ಎಣಿಸಿದೆ. ಬಣ್ಣ ಕೊಡುವಂಥವು ಹದಿನೇಳು. ಹದಿನಾರಕ್ಕೆ ಹೆಸರು ಬಂತು. ಒಂದಕ್ಕೆ ಬರಲಿಲ್ಲ. ನನ್ನವ್ವನಿಗೆ ಗೊತ್ತಿತ್ತು, ನಾನು ಕೇಳಿಸಿಕೊಂಡಿದ್ದೆ, ಮರೆತಿದ್ದೇನೆ. ಅಂದಿನಿಂದ ಅದೇ ಹಲ್ಲಿಗೆ ಸಿಕ್ಕ ನಾರಿನ ಹಾಗೆ ಕಾಡುತ್ತಿದೆ.

ಕೆಳೂರಿನವರು ನೇಯುವುದಾದರೆ ನೇಯಲಿ. ಅವರದು ಅವರು, ನಮ್ಮದು ನಾವು. ಹೊಲಿಯುವ ಮಾತು ಆಮೇಲೆ.

ನಿನ್ನ ಅವ್ವ
ತಿಬುರ್ಸಿಯಾ

ಆಲೂಗಡ್ಡೆಯನ್ನು ಬೇಯಿಸಿ ತಿನ್ನು. ಕರಪತ್ರ ಓದುತ್ತಾ ಹಸಿಯದನ್ನೇ ಕಚ್ಚುತ್ತೀಯ, ನನಗೆ ಗೊತ್ತು.


ಕುಸ್ಕೋ
ಏಪ್ರಿಲ್ ೬

ಅವ್ವ,

ನೀನು ಹೂಂ ಎಂದೆ! ಎಲ್ಲೂ ಹೂಂ ಎಂದು ಬರೆದಿಲ್ಲ, ಆದರೆ ಹದಿನೇಳು ಎಣಿಸಿದ್ದೀಯಲ್ಲ, ನನಗಷ್ಟು ಸಾಕು.

ಯಜಮಾನರು ಚರ್ಚಿಗೆ ಹೋಗಿದ್ದಾಗ ಎಪ್ಪತ್ತೊಂದು ಸುತ್ತೋಲೆ ಅಚ್ಚು ಹಾಕಿದ್ದೇನೆ, ಮದುವೆ ಕರೆಯೋಲೆಗಳು ಕೆಟ್ಟು ಉಳಿದ ಕಾಗದದಲ್ಲಿ. ಹಿಂಭಾಗದಲ್ಲಿ ಪಾರಿವಾಳ ಇದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಒಂದು ಕಟ್ಟು ನಿನಗೆ, ಒಂದು ಕಟ್ಟು ಕೆಳೂರಿಗೆ. ಸಿಪ್ರಿಯಾನೋನೇ ಹಂಚುತ್ತಾನೆ. ನಿಯಮ ಹೆಚ್ಚಿಲ್ಲ:

ಗಿಡವನ್ನು ಆಯಾ ಮನೆಯ ಯಜಮಾನ ಅಥವಾ ಯಜಮಾನಿ ತಾನೇ ಹತ್ತಿ ತರಬೇಕು. ಬೇರೆಯವರನ್ನು ಕಳಿಸುವಂತಿಲ್ಲ. ಬೇರು ಕೀಳುವಂತಿಲ್ಲ. ಡಬ್ಬಿಯ ಬಣ್ಣದ ಪುಡಿ ಮುಟ್ಟುವಂತಿಲ್ಲ. ಪ್ರತಿ ಮನೆಯ ಲಡಿ ಹಾಸಿನಲ್ಲಿ ಒಂದು ಪಟ್ಟೆಯಾಗಿ ಈ ತುದಿಯಿಂದ ಆ ತುದಿಯವರೆಗೆ ಓಡಬೇಕು. ಹೊಲಿಗೆ ಬೀಳುವ ಅಂಚಿನಲ್ಲಿ ಎರಡೂ ಹೋಳಿಗೆ ನೀಲಿ ಪಟ್ಟೆ. ನೀಲಿಯ ಛಾಯೆ ಬೇರೆಯಾಗದ ಹಾಗೆ ಅದು ಒಂದೇ ಹಂಡೆಯದಾಗಿರಬೇಕು. ಕೊನೆಯದಾಗಿ, ಒಂದು ಹೋಳು ಇನ್ನೊಂದರ ಕನ್ನಡಿಯಂತೆ ಇರಬೇಕು.

ಅವ್ವ, ಇದು ಬರೀ ಬಟ್ಟೆಯಲ್ಲ. ಎಪ್ಪತ್ತೊಂದು ಮನೆಯವರು ಒಂದು ಗಿಡದ ಹೆಸರು ಬಾಯಿಬಿಟ್ಟು ಹೇಳಿದ ದಿನ ಆ ಇಳಿಜಾರನ್ನು ಕಳೆ ಎನ್ನಲು ಯಾರಿಗೂ ನಾಲಿಗೆ ಏಳುವುದಿಲ್ಲ.

ನಿನ್ನ
ನೊಯೆಮಿ


ಪುಕ್ಯುಪಾತಾ
ಮೇ ೪

ನೊಯೆಮಿ,

ಒಂದೇ ಹಂಡೆಯ ನೀಲಿ ಎಂದು ಬರೆದೆಯಲ್ಲ, ನೀಲಿ ಹೇಗೆ ಕರಗುತ್ತದೆ ಎಂಬುದು ನೆನಪಿತ್ತೇ? ಬಿಸಿ ಕಣಿವೆಯಿಂದ ಬರುವ ನೀಲಿಯ ಉಂಡೆ ನೀರಿಗೆ ಜಗ್ಗುವುದಿಲ್ಲ. ಹುಳಿ ಬಂದ ಉಚ್ಚೆಯೇ ಬೇಕು. ಇಬ್ಬರು ಮೂವರದು ಸಾಲದು. ಎರಡು ಹೋಳಿಗೆ ಆಗುವಷ್ಟು ಎಂದರೆ ಊರಿನದ್ದೇ ಬೇಕು.

ಶಾಲೆಯ ಹಿಂದೆ, ಮೇಲೂರೂ ಅಲ್ಲದ ಕೆಳೂರೂ ಅಲ್ಲದ ಜಾಗದಲ್ಲಿ ಹಂಡೆ ಇಟ್ಟರು. ಮೊದಲ ದಿನವೇ ಜಗಳ. "ಅವರದ್ದು ನಮ್ಮದು ಬೆರೆಸ್ಬಾರ್ದು" ಎಂದು ನಮ್ಮ ಕಡೆಯ ಗಂಡಸರು. "ನಿಮ್ಮದ್ರಲ್ಲಿ ಬರೀ ಚಿಚಾ ಹೆಂಡಾನೇ ಇರೋದು, ಬಣ್ಣ ಏನು ಹಿಡಿಯುತ್ತೆ, ಅಮಲು ಹಿಡಿಯುತ್ತೆ ಅಷ್ಟೆ" ಎಂದು ಅವರ ಕಡೆಯ ಹೆಂಗಸರು. ನಿನ್ನಪ್ಪ ಎದ್ದು ನಿಂತು, "ಹಂಡೆಗೆ ಬಿದ್ಮೇಲೆ ಯಾರದು ಯಾವುದು ಅಂತ ನೀವೇ ಆರಿಸಿ ಕೊಡ್ರಪ್ಪ" ಎಂದರು. ಆಮೇಲೆ ಎರಡೂ ಕಡೆಯವರು ತಂದು ಸುರಿದರು. ನಿನ್ನ ಕರಪತ್ರಗಳ ಸಮಾನತೆ ಪುಕ್ಯುಪಾತಾಕ್ಕೆ ಮೊದಲು ಬಂದದ್ದು ಹೀಗೆ. ವಾಸನೆ ಕುಸ್ಕೋವರೆಗೂ ಬಂದಿರಬೇಕಲ್ಲ?

ಬಣ್ಣ ಅದ್ದಲು ಸರದಿ ಮಾಡಿಕೊಂಡಿದ್ದೇವೆ. ಸೋಮವಾರ ನಾವು, ಮಂಗಳವಾರ ಅವರು. ಮುಖ ನೋಡುವ ಪ್ರಸಂಗವಿಲ್ಲ.

ದೋನ್ ಪ್ಲಾಸಿದೋ ನಿನ್ನ ನಿಯಮದ ಪ್ರಕಾರ ತಾನೇ ಹತ್ತಬೇಕಾಯಿತು. ಹೆಂಡತಿ ಬಿಡಲಿಲ್ಲ. ಅರ್ಧ ದಾರಿಯಲ್ಲಿ ಬಂಡೆಯ ಮೇಲೆ ಕೂತುಬಿಟ್ಟರು, ಉಸಿರು ಕುಲುಮೆಯ ತಿದಿಯ ಹಾಗೆ. ಕೂತ ಬಂಡೆಯನ್ನೇ ಕೆರೆದು ಕಲ್ಲುಹೂ ತಂದರು. "ಇದ್ನ ನಮ್ಮವ್ವ ಕೀಳ್ತಿದ್ಲು" ಎಂದರು. ಕಿತ್ತಳೆ ಬಣ್ಣ ಎಷ್ಟು ಚೆನ್ನಾಗಿ ಬಂತೆಂದರೆ ಮೂರು ಸಲ ಬಂದು ನೋಡಿ ಹೋದರು.

ಆ ಹದಿನೇಳನೆಯ ಗಿಡದ ಹೆಸರು ಇನ್ನೂ ಸಿಕ್ಕಿಲ್ಲ. ಮೇಲೂರಿನಲ್ಲಿ ಎಲ್ಲರನ್ನೂ ಕೇಳಿದೆ.

ನಾಲ್ಕು ಗೂಟ ಹೊಡೆದು ಹಾಸು ಹೂಡಿದ್ದೇವೆ. ಮೂವತ್ತಾರು ಮನೆ, ಮೂವತ್ತಾರು ಪಟ್ಟೆ. ಕೆಳೂರಿನಲ್ಲಿ ಮನೆ ಮೂವತ್ತೈದೇ ಆದ್ದರಿಂದ ಮೇಷ್ಟ್ರ ಬಾಡಿಗೆ ಕೋಣೆಯನ್ನೂ ಒಂದು ಮನೆಯೆಂದು ಎಣಿಸಿದ್ದಾರಂತೆ. ಎಣಿಸಲಿ.

ನಿನ್ನ ಅವ್ವ
ತಿಬುರ್ಸಿಯಾ


ಕುಸ್ಕೋ
ಮೇ ೧೮

ಮದ್ರಿನಾ ವಿಸೆಂತಾ ಅವರಿಗೆ,

ನಿಮಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಒಂದೇ ಊರಿನಲ್ಲಿದ್ದಾಗ ಮಾತಾಡಿಸದವಳು ಈಗ ದೂರದಿಂದ ಬರೆಯುತ್ತಿದ್ದಾಳೆ ಎಂದು ನೀವು ನಕ್ಕರೂ ನಾನು ಒಪ್ಪಿಕೊಳ್ಳುತ್ತೇನೆ. ಹನ್ನೊಂದು ವರ್ಷದವಳಿದ್ದಾಗ ಅವ್ವನ ಸೆರಗು ಹಿಡಿದು ನಾನೂ ಬೇರೆ ಕಡೆ ನೋಡಲು ಕಲಿತೆ. ಆಮೇಲೆ ಅದೇ ಅಭ್ಯಾಸವಾಯಿತು.

ನೀವು ನೇಯ್ದ ನನ್ನ ತೊಟ್ಟಿಲ ಪಟ್ಟಿ, ನನ್ನನ್ನು ಸುತ್ತಿಡುತ್ತಿದ್ದ ಪಟ್ಟಿ, ನನ್ನ ಹತ್ತಿರವಿದೆ. ಅವ್ವ ಅದನ್ನು ತಿಪ್ಪೆಗೆ ಎಸೆದಳು. ನಾನು ಹೋಗಿ ಎತ್ತಿಕೊಂಡೆ. ಈಗ ನನ್ನ ಪುಸ್ತಕಗಳ ಕಟ್ಟಿಗೆ ಬಿಗಿದಿದ್ದೇನೆ. ಅದರ ಅಂಚಿನಲ್ಲಿ ಎಡಕ್ಕೆ ಹುರಿ ತಿರುಗಿದ ಒಂದು ಎಳೆ ಇದೆ. ಆ ಎಳೆಗೇ ಅಲ್ಲವೇ ಜಗಳವಾದದ್ದು? ಅದನ್ನು ಯಾಕೆ ಇಟ್ಟಿರಿ? ಅವ್ವನನ್ನು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಾಳೆ. ನಿಮ್ಮನ್ನು ಕೇಳುವ ಧೈರ್ಯ ಬರಲು ಇಷ್ಟು ವರ್ಷ ಬೇಕಾಯಿತು.

ನಿಮ್ಮ ಮಗಳಂಥವಳು
ನೊಯೆಮಿ


ಪುಕ್ಯುಪಾತಾ, ಕೆಳೂರು
ಜೂನ್ ೮

ಕೂಸೇ,

ನನ್ನ ಅಕ್ಷರ ನೋಡಿ ಹೆದರಬೇಡ. ಶಾಲೆಯಲ್ಲಿ ಮೇಷ್ಟ್ರು ನನ್ನ ಎಡಗೈಯನ್ನು ಬೆಂಚಿಗೆ ಕಟ್ಟಿಹಾಕಿ ಬಲಗೈಯಲ್ಲಿ ಬರೆಸಿದರು. ನೂಲುವಾಗ ಮಾತ್ರ ಯಾರೂ ಕಟ್ಟಲಿಲ್ಲ. ಅದಕ್ಕೇ ನನ್ನ ನೂಲು ನೆಟ್ಟಗೆ, ನನ್ನ ಬರಹ ಸೊಟ್ಟಗೆ.

ನೀನು ಏಳನೇ ತಿಂಗಳಿಗೇ ಹುಟ್ಟಿದವಳು. ನನ್ನ ಅಂಗೈ ಮೇಲೆ ನಾವು ಸಾಕುವ ಕುಯ್ ಇಲಿಯ ಮರಿಯಷ್ಟಿದ್ದೆ. ಪಾದ್ರಿಯ ಮುಂದೆ ಎತ್ತಿ ಹಿಡಿದಾಗ ತೂಕವೇ ತಿಳಿಯಲಿಲ್ಲ. ಕೆಟ್ಟದ್ದು ಬಲದ ದಾರಿ ಹಿಡಿದು ಬರುತ್ತದೆ, ಎಡನೂಲು ಅಡ್ಡ ಸಿಕ್ಕರೆ ದಾರಿ ತಪ್ಪಿ ಹೋಗುತ್ತದೆ ಎನ್ನುತ್ತಿದ್ದಳು ನನ್ನಜ್ಜಿ. ಅದಕ್ಕೇ ಒಂದು ಎಳೆ ಇಟ್ಟೆ. ನಿನ್ನವ್ವನಿಗೆ ಹೇಳಲಿಲ್ಲ. ಹೇಳಿದರೆ ಈ ಮಗು ಉಳಿಯುವುದಿಲ್ಲವೆಂಬ ಭಯ ನನಗಿದೆ ಎಂದು ಅವಳಿಗೆ ಗೊತ್ತಾಗುತ್ತಿತ್ತು.

ನಿನಗೆ ಹನ್ನೊಂದು ತುಂಬಿದಾಗ ಒಂಬತ್ತು ದಿನ ಜ್ವರ. ಮನೆಯಲ್ಲಿ ಸತ್ತವರ ಕಾಲಿಗೆ ಕಟ್ಟುವ ಎಡನೂಲು ಇದೆಯೇ ಹುಡುಕಿ ಎಂದನಂತೆ ಮದ್ದು ಕೊಡುವವನು. ಪೆಟ್ಟಿಗೆಯಲ್ಲಿ ನಾನು ನೇಯ್ದ ಪಟ್ಟಿ ಸಿಕ್ಕಿತು. ಹೊದಿಕೆಯ ಅಂಚಿನಲ್ಲಿ ಎಡನೂಲು ಇದ್ದರೆ ಆಗ ಯಾರೂ ಏನೂ ಅನ್ನುತ್ತಿರಲಿಲ್ಲ, ಕೂಸಿನ ಮೈಗೆ ಸುತ್ತುವುದರಲ್ಲಿ ಇದ್ದರೆ ಬೇರೆ ಮಾತು. ನಿನ್ನವ್ವ ಒರತೆಯ ಹತ್ತಿರ, ಎಲ್ಲರ ಮುಂದೆ, "ನನ್ನ ಕೂಸಿಗೆ ಹೆಣದ ದಾರ ಸುತ್ತಿದ್ಯೇನೇ ಎಡಚೀ" ಎಂದು ಕೂಗಿದಳು. ನಾನು ಕೊಡ ತುಂಬಿಸಿಕೊಂಡು ಬಂದುಬಿಟ್ಟೆ. ಮೂವತ್ತು ವರ್ಷ ನನ್ನನ್ನು ಬಲ್ಲವಳಿಗೆ ಏನೆಂದು ಹೇಳಲಿ? ಈಗ ಅನ್ನಿಸುತ್ತದೆ, ಏನಾದರೂ ಹೇಳಬೇಕಿತ್ತು, ಒಂದು ಬೈಗುಳವನ್ನಾದರೂ.

ನಗುವ ವಿಷಯವೂ ಒಂದಿದೆ. ಆ ದಿನದಿಂದ ಮೇಲೂರಿನಲ್ಲಿ ಯಾರೂ ಎಡಕ್ಕೆ ನೂಲುವುದಿಲ್ಲ, ನಿನ್ನವ್ವ ಬಿಡುವುದಿಲ್ಲ. ಅದಕ್ಕೆ ಮೊದಲು ಊರಿನ ಎಲ್ಲ ಹೊದಿಕೆಯ ಅಂಚಿಗೂ ಎಡನೂಲು ಕೊಡುತ್ತಿದ್ದವಳು ನಾನೇ. ಬಲಕ್ಕೆ ತಿರುಗಿದ ಹುರಿಯನ್ನೇ ತುಂಬಾ ಹಾಕಿದರೆ ಬಟ್ಟೆ ಅದೇ ಕಡೆಗೆ ತಿರುಚಿಕೊಳ್ಳುತ್ತದೆ. ಎಡದ್ದು ಎದುರು ನಿಂತರೆ ಮಾತ್ರ ನೆಟ್ಟಗೆ ಮಲಗುತ್ತದೆ. ಹನ್ನೊಂದು ವರ್ಷದಿಂದ ನಿನ್ನವ್ವನ ಹೊದಿಕೆಗಳ ಅಂಚು ಹಂದಿಯ ಕಿವಿಯ ಹಾಗೆ ಸುರುಳಿ ಸುತ್ತುತ್ತಿವೆ. ಭಾನುವಾರದ ಸಂತೆಯಲ್ಲಿ ನೋಡುತ್ತೇನೆ. ಅವಳು ಚಳಿಯನ್ನು ಬೈಯುತ್ತಾಳೆ, ಸೋಪನ್ನು ಬೈಯುತ್ತಾಳೆ, ಕುರಿಯನ್ನು ಬೈಯುತ್ತಾಳೆ. ನಾನು ಏನೂ ಹೇಳುವುದಿಲ್ಲ.

ನಮ್ಮ ಹೋಳು ಚೆನ್ನಾಗಿ ಬರುತ್ತಿದೆ. ನಿನ್ನ ಸುತ್ತೋಲೆಯಲ್ಲಿದ್ದ ಹಾಗೇ ಮಾಡುತ್ತಿದ್ದೇವೆ, ಒಂದಕ್ಷರ ಬಿಡದೆ.

ನಿನ್ನ ಮದ್ರಿನಾ
ವಿಸೆಂತಾ


ಪುಕ್ಯುಪಾತಾ
ಜೂನ್ ೨೬

ನೊಯೆಮಿ,

ಇನ್ನು ಈ ಹೊದಿಕೆಯ ವಿಷಯ ನನ್ನ ಹತ್ತಿರ ಎತ್ತಬೇಡ.

ಸಾನ್ ಹುವಾನ್ ಹಬ್ಬದ ದಿನ ಕುರಿಗಳ ಕಿವಿಗೆ ಬಣ್ಣದ ಕುಚ್ಚು ಕಟ್ಟಿ ಮೆರವಣಿಗೆ ಹೋದೆವು. ಕೆಳೂರಿನವರು ತಮ್ಮ ಹೋಳನ್ನು ತೊಳೆದು ಹುಲ್ಲಿನ ಮೇಲೆ ಹಾಸಿದ್ದರು. ನಾನು ನೋಡಲಿಲ್ಲ. ದಾರಿ ಅಲ್ಲೇ ಹೋಗುತ್ತಿತ್ತು, ಕಣ್ಣು ಬಿತ್ತು. ಬಣ್ಣ ಒಳ್ಳೆಯದಿದೆ, ಸುಳ್ಳು ಯಾಕೆ ಹೇಳಲಿ. ಬಗ್ಗಿ ಒಂದು ಎಳೆ ಹಿಡಿದೆ. ಎಡ. ಪಕ್ಕದ್ದು ಹಿಡಿದೆ. ಎಡ. ಮೂವತ್ತಾರು ಪಟ್ಟೆಯೂ ಎಡ! ಈ ತುದಿಯಿಂದ ಆ ತುದಿಯವರೆಗೆ ಒಂದೇ ಒಂದು ಎಳೆ ಬಲಕ್ಕೆ ತಿರುಗಿಲ್ಲ.

"ಇದೇನ್ರೇ ಇದು, ಬೆಟ್ಟಕ್ಕೆ ಹೆಣದ ಬಟ್ಟೆ ನೇಯ್ದಿದ್ದೀರಾ?" ಎಂದೆ. ಕೆಳೂರಿನ ಒಬ್ಬಳು ಸೊಂಟದಿಂದ ನಿನ್ನ ಸುತ್ತೋಲೆ ತೆಗೆದಳು. "ನಿನ್ನ ಮಗಳೇ ಬರೆದವ್ಳೆ, ಓದ್ಕೋ ತಾಯಿ. ಕನ್ನಡಿ ಥರ ಇರ್ಬೇಕಂತೆ. ನೀನು ಕನ್ನಡಿ ಮುಂದೆ ಕೂತು ಬಲಗೈಲಿ ನೂತ್ರೆ ಒಳಗಿರೋಳು ಯಾವ ಕೈಲಿ ನೂಲ್ತಾಳೆ?" ಉಳಿದವರೆಲ್ಲ ಬಿದ್ದು ಬಿದ್ದು ನಕ್ಕರು. ಆ ವಿಸೆಂತಾ ಮಾತ್ರ ನಗದೆ ತನ್ನ ಕುರಿಯ ಕಿವಿ ನೋಡುತ್ತಾ ನಿಂತಿದ್ದಳು.

ಎಂಥದ್ದು ಬರೆದೆ ನೀನು? ಪಟ್ಟೆಗಳ ಸಾಲು ಎದುರುಬದುರಾಗಿ ಹೊಂದಬೇಕು ಎಂದು ನಾವು ತಿಳಿದುಕೊಂಡೆವು. ಅವರು ನೂಲನ್ನೇ ತಿರುಗಿಸಿದ್ದಾರೆ. ಎಲ್ಲ ಹೆಂಗಸರೂ ಕೂತು ಎಡಗೈಯಲ್ಲಿ ನೂಲಲು ಅವಳಿಂದ ಕಲಿತರಂತೆ! ಇದಕ್ಕೆ ನಾನು ಸೂಜಿ ಹಾಕುವುದಿಲ್ಲ. ಆಗಸ್ಟ್ ಒಂದರಂದು ನಮ್ಮ ಹೋಳು ನಮ್ಮ ಕಡೆ, ಅವರದು ಅವರ ಕಡೆ. ದೋನ್ ಪ್ಲಾಸಿದೋ ಆಗಲೇ ಮೀಸೆಯಲ್ಲಿ ನಗುತ್ತಿದ್ದಾರೆ, "ಬಟ್ಟೇನೇ ಕೂಡ್ಲಿಲ್ಲ, ಕೈ ಎಲ್ಲಿ ಕೂಡ್ತವೆ" ಅಂತ. ಸಸಿಯ ಲಾರಿಗೆ ಹೇಳಿ ಕಳಿಸಿದ್ದಾರಂತೆ.

ನಮ್ಮದು ಅಂಚಿನಲ್ಲಿ ಸ್ವಲ್ಪ ಸುರುಳುತ್ತಿದೆ. ಈ ವರ್ಷ ಚಳಿ ಜಾಸ್ತಿ.

ತಿಬುರ್ಸಿಯಾ


ಕುಸ್ಕೋ
ಜುಲೈ ೬

ಅವ್ವ,

ತಪ್ಪು ನನ್ನದು, ಕೆಳೂರಿನದಲ್ಲ.

ನಾನು ದಿನವಿಡೀ ಸೀಸದ ಅಚ್ಚುಮೊಳೆಗಳನ್ನು ಜೋಡಿಸುತ್ತೇನೆ. ಅವುಗಳ ಮೇಲೆ ಪ್ರತಿ ಅಕ್ಷರವೂ ತಿರುಗುಮುರುಗು. ತಿರುಗುಮುರುಗಾಗಿ ಜೋಡಿಸಿದರೆ ಮಾತ್ರ ಕಾಗದದ ಮೇಲೆ ನೆಟ್ಟಗೆ ಬೀಳುತ್ತದೆ. ಅದಕ್ಕೇ ಕನ್ನಡಿ ಎಂಬ ಮಾತು ನನ್ನ ಕೈಗೆ ತಾನಾಗಿಯೇ ಬಂತು. ಎಡನೂಲಿನ ಜಗಳ ಗೊತ್ತಿದ್ದೂ, ಅದನ್ನು ಬರೆಯುವಾಗ ನೂಲಿಗೂ ಎಡಬಲ ಇದೆ ಎಂಬುದು ನನ್ನ ತಲೆಗೆ ಬರಲೇ ಇಲ್ಲ. ಕೂತು ನೂತಿದ್ದರೆ ಬರುತ್ತಿತ್ತು. ಗಿಡ, ಭೂಮಿ, ಜನ ಎಂದು ಇಷ್ಟೆಲ್ಲ ಬರೆದವಳಿಗೆ ಒಂದು ಎಳೆ ಯಾವ ಕಡೆಗೆ ತಿರುಗುತ್ತದೆ ಎಂಬುದು ಹೊಳೆಯಲಿಲ್ಲ. ನೀನು ಮಾರ್ಚಿನಲ್ಲಿ ಹೇಳಿದ ಕೋಳಿಯ ಮಾತು ಈಗ ನಾಟಿತು.

ಈ ಕಾಗದದ ಜೊತೆ ಒಂದು ಪೊಟ್ಟಣ ಇದೆ. ನೀನು ಎಸೆದದ್ದು. ನಾನು ಹನ್ನೊಂದು ವರ್ಷ ಇಟ್ಟುಕೊಂಡದ್ದು. ಅದರಲ್ಲಿ ಆ ಎಳೆ ಯಾಕಿದೆ ಎಂದು ನಾನು ಮದ್ರಿನಾಳನ್ನು ಕೇಳಿದೆ. ಅವಳು ಹೇಳಿದಳು. ಆದರೆ ಅದನ್ನು ನಾನು ಬರೆಯುವುದಿಲ್ಲ. ನಿನ್ನ ಮನೆಯಿಂದ ಅವಳ ಮನೆಗೆ ಇಳಿಯಲು ಒಂದು ಮುಷ್ಟಿ ಕೋಕಾ ಎಲೆ ಜಗಿಯುವಷ್ಟು ಹೊತ್ತೂ ಬೇಡ.

ಒಂದು ಮಾತ್ರ ಹೇಳುತ್ತೇನೆ. ಆ ಪಟ್ಟಿಯನ್ನು ಮೇಜಿನ ಮೇಲೆ ಹಾಸಿ ನೋಡು. ಇಪ್ಪತ್ತೆರಡು ವರ್ಷ ಹಳೆಯದು. ಜಡಿಮಳೆ ಕಂಡಿದೆ, ತಿಪ್ಪೆ ಕಂಡಿದೆ, ನನ್ನ ಪುಸ್ತಕಗಳ ಭಾರ ಹೊತ್ತಿದೆ. ಅದರ ಅಂಚು ಎಲ್ಲಿಯಾದರೂ ಸುರುಳಿದೆಯೇ?

ನಿನ್ನ ಮಗಳು
ನೊಯೆಮಿ


ಪುಕ್ಯುಪಾತಾ
ಜುಲೈ ೧೯

ಪೊಟ್ಟಣ ಬಂತು.

ಬರೆಯಲು ಹೊತ್ತಿಲ್ಲ. ನಿನ್ನಪ್ಪ ಆರಾಮ. ಕಪ್ಪು ಕುರಿ ಮರಿ ಹಾಕಿದೆ.

ತಿಬುರ್ಸಿಯಾ


ಪುಕ್ಯುಪಾತಾ
ಆಗಸ್ಟ್ ೩

ಮಗಳೇ,

ಪೂರ್ತಿ ಓದುವವರೆಗೆ ಕುಣಿಯಬೇಡ. ಎಲ್ಲವನ್ನೂ ಸಾಲಾಗಿ ಹೇಳುತ್ತೇನೆ.

ಪಟ್ಟಿಯನ್ನು ಮೇಜಿನ ಮೇಲೆ ಹಾಸಿದೆ. ಸುರುಳಲಿಲ್ಲ. ತಿರುಗಿಸಿ ಹಾಸಿದೆ. ಸುರುಳಲಿಲ್ಲ. ಒದ್ದೆ ಮಾಡಿ ಬಿಸಿಲಿಗೆ ಹಾಕಿದೆ, ಸತ್ತ ಹಾವಿನ ಹಾಗೆ ನೆಟ್ಟಗೆ ಬಿದ್ದಿತ್ತು. ನಮ್ಮ ಹೋಳು ಅಷ್ಟು ಹೊತ್ತಿಗೆ ಎರಡೂ ಅಂಚಿನಿಂದ ಸುತ್ತಿಕೊಂಡು, ನಿನ್ನಪ್ಪ ಅದನ್ನು ಕೊಳವೆ ಎಂದು ಕರೆಯಲು ಶುರು ಮಾಡಿದ್ದರು. "ಒರತೆಯಿಂದ ನೀರು ತರೋಕೆ ಆಯ್ತು ಬಿಡು" ಎಂದರು. ಮೂರು ದಿನ ಅವರಿಗೆ ತಣ್ಣನೆಯ ಗಂಜಿ ಹಾಕಿದೆ.

ಮೂವತ್ತೊಂದನೇ ತಾರೀಖು ಬೆಳಿಗ್ಗೆ ಕೆಳಗೆ ಇಳಿದೆ. ಏನೆಂದು ಮಾತು ತೆಗೆಯುವುದು? ದಾರಿಯಲ್ಲಿ ಆ ಹದಿನೇಳನೆಯ ಗಿಡದ ಒಂದು ಕಡ್ಡಿ ಕಿತ್ತುಕೊಂಡಿದ್ದೆ. ವಿಸೆಂತಾ ಅಂಗಳದಲ್ಲಿ ಜೋಳ ಆರಿಸುತ್ತಿದ್ದಳು. ಕಡ್ಡಿಯನ್ನು ಅವಳ ಮೊರದಲ್ಲಿ ಹಾಕಿದೆ.

"ಇದರ ಹೆಸ್ರೇನು?"

ಅವಳು ತಲೆ ಎತ್ತಲಿಲ್ಲ. "ಹನ್ನೊಂದು ವರ್ಷ ಆದ್ಮೇಲೆ ಗಿಡದ ಹೆಸ್ರು ಕೇಳೋಕ್ ಬಂದ್ಯಾ ಕೊಮಾದ್ರೆ?"

ಕೊಮಾದ್ರೆ ಎಂದಳು ಕಣೇ. ನನ್ನ ಮಗುವನ್ನು ಎತ್ತಿ ಹಿಡಿದವಳು ನನ್ನನ್ನು ಹಾಗಲ್ಲದೆ ಇನ್ನು ಹೇಗೆ ಕರೆಯಬೇಕು? ಆದರೆ ಆ ಹೆಸರನ್ನು ಕೇಳಿ ಎಷ್ಟು ಕಾಲವಾಗಿತ್ತೋ.

"ಗೊತ್ತಿದ್ರೆ ಹೇಳು, ಇಲ್ಲಾಂದ್ರೆ ಹೋಗ್ತೀನಿ" ಎಂದೆ.

"ನಿಮ್ಮವ್ವ ಅದ್ನ ಮುದುಕಿ ಹಲ್ಲು ಅಂತಿದ್ಲು. ಬೂದು ಬಣ್ಣ ಬಿಡುತ್ತೆ. ನಾವಿಬ್ರೂ ಸಣ್ಣೋರಿದ್ದಾಗ ನೀನದನ್ನ ಜಗ್ದು ಒಂದು ವಾರ ನಾಲಿಗೆ ಬೂದಿ ಮಾಡ್ಕೊಂಡು ತಿರುಗ್ತಿದ್ದೆ."

ಆಮೇಲೆ ಪಟ್ಟಿಯನ್ನು ತೆಗೆದೆ. ಎಳೆ ಯಾಕೆಂದು ಕೇಳಿದೆ. ಹೇಳಿದಳು. ನಾವೇನು ಮಾತಾಡಿದೆವು ಎಂದು ಬರೆಯುವುದಿಲ್ಲ. ನೀನೂ ನನಗೆ ಬರೆಯಲಿಲ್ಲವಲ್ಲ. ಮಧ್ಯಾಹ್ನ ಅವಳ ಮನೆಯಲ್ಲೇ ಉಂಡೆ ಎಂದಷ್ಟೇ ತಿಳಿದುಕೋ. ಸಾರಿಗೆ ಉಪ್ಪು ಈಗಲೂ ಜಾಸ್ತಿಯೇ ಹಾಕುತ್ತಾಳೆ. ಹೇಳಿದೆ. "ಬಿಡು, ನಿನ್ನ ಕೊಳವೆ ಬಗ್ಗೆ ನಾನೇನಾದ್ರೂ ಅಂದ್ನಾ?" ಎಂದಳು.

ಮರುದಿನ ಭೂಮಿಗೆ ಚಿಚಾ ಎರೆದು, ಕೋಕಾ ಎಲೆ ಇಟ್ಟು, ಇಳಿಜಾರಿನ ಬುಡದಲ್ಲಿ ಎರಡೂ ಹೋಳು ಹಾಸಿದೆವು. ನಮ್ಮದು ಬಲಕ್ಕೆ ಸುರುಳಿತ್ತು, ಅವರದು ಎಡಕ್ಕೆ. ಅವರದ್ದೂ ಸುರುಳಿತ್ತು ನೊಯೆಮಿ! ಬರೀ ಎಡವಾದರೂ ಅಷ್ಟೇ ಗತಿ. ಸಾನ್ ಹುವಾನ್ ದಿನ ಕಲ್ಲು ಹೇರಿ ನೆಟ್ಟಗೆ ಮಾಡಿದ್ದರಂತೆ, ಕಳ್ಳಿಯರು. ಒಂದು ತುದಿಯಿಂದ ನಾನು ಸೂಜಿ ಹಾಕಿದೆ, ಇನ್ನೊಂದು ತುದಿಯಿಂದ ಅವಳು. ಊರೆಲ್ಲ ಸುತ್ತ ನಿಂತಿತ್ತು. ಒಂದೊಂದು ಹೊಲಿಗೆ ಬಿದ್ದ ಹಾಗೆ ಎರಡು ಸುರುಳಿಯೂ ಒಂದನ್ನೊಂದು ಎಳೆದು ಹಿಡಿದು, ನಡುವಿನ ನೀಲಿ ಪಟ್ಟೆ ಕೊಳದ ನೀರಿನ ಹಾಗೆ ಮಟ್ಟಸವಾಗಿ ಮಲಗಿತು. ನನ್ನ ಕಣ್ಣಮುಂದೆ ಇಪ್ಪತ್ತು ಹೆಜ್ಜೆ ಉದ್ದಕ್ಕೂ ಹಾಗೇ. ನಾನು ನಲವತ್ತು ವರ್ಷ ನೇಯ್ದಿದ್ದೇನೆ, ಇದನ್ನು ನೋಡಿರಲಿಲ್ಲ.

ಆಮೇಲೆ ಸಭೆ. ದೋನ್ ಪ್ಲಾಸಿದೋ ಎದ್ದು ನಿಂತರು. "ನೋಡ್ರಪ್ಪ, ಬಟ್ಟೆ ಚೆನ್ನಾಗೈತೆ, ಇಲ್ಲ ಅನ್ನಲ್ಲ. ಆದ್ರೆ ಈ ಇಳಿಜಾರಲ್ಲಿ ಇರೋದು ಬರೀ..." ಎಂದು ನಿಂತುಬಿಟ್ಟರು.

"ಬರೀ ಏನು? ಹೇಳಿ" ಎಂದಳು ಅವರ ಹೆಂಡತಿ. "ಅದಕ್ಕೆ ಮುಂಚೆ ನಮ್ಮನೆ ಪಟ್ಟೆ ಯಾವ್ದು ತೋರ್ಸಿ."

ಅವರು ಬಗ್ಗಿ ಹುಡುಕಿದರು. ಕಿತ್ತಳೆ ಪಟ್ಟೆ ಸಿಕ್ಕಿತು. ಬೆರಳಿಟ್ಟರು, ಬೆರಳು ತೆಗೆಯಲಿಲ್ಲ. ಅವರನ್ನು ನೋಡಿ ಎಲ್ಲರೂ ಬಗ್ಗಿ ತಮ್ಮ ತಮ್ಮ ಪಟ್ಟೆ ಹುಡುಕತೊಡಗಿದರು. "ನಮ್ದು ಚಿಲ್ಕಾ", "ಇದು ಕೋಲ್ಯೆ, ನಾನು ತಂದಿದ್ದು", "ಏಯ್ ಕಾಲು ತೆಗಿ, ನಮ್ಮನೆ ಮೇಲೆ ನಿಂತಿದ್ದೀಯ" ಎಂದು ಸಂತೆಯ ಗದ್ದಲ. ಕಳೆ ಎಂಬ ಮಾತು ಆ ಗದ್ದಲದಲ್ಲಿ ಎಲ್ಲೋ ಬಿದ್ದುಹೋಯಿತು. ಯಾರೂ ಎತ್ತಿಕೊಳ್ಳಲಿಲ್ಲ.

ಕೈ ಎತ್ತಿಸಿದರು. ಇಳಿಜಾರು ಉಳಿಯಿತು. ಮೇಲೂರು, ಕೆಳೂರು ಒಂದೇ ಕಡೆಗೆ ಕೈ ಎತ್ತಿದ್ದು ನನಗೆ ತಿಳಿದ ಹಾಗೆ ಇದೇ ಮೊದಲು. ಮೇಷ್ಟ್ರು ನಂಬದೆ ಎರಡು ಸಲ ಎಣಿಸಿದರು. ಬರುವ ಸಸಿಗಳಲ್ಲಿ ನಲವತ್ತನ್ನು ಫುಟ್‌ಬಾಲ್ ಮೈದಾನದಲ್ಲಿ, ಗೋಲಿನ ಹಿಂದೆ ನೆಡಲು ಒಪ್ಪಿದ್ದೇವೆ. ಅಲ್ಲಿ ಒರತೆ ಇಲ್ಲ. ಚೆಂಡು ಕಣಿವೆಗೆ ಉರುಳುವುದಾದರೂ ತಪ್ಪಲಿ.

ಇನ್ನು ಒಂದು ತೊಂದರೆ ಇದೆ.

ನಾನೂ ವಿಸೆಂತಾಳೂ ನಡುವಿಗೆ ಬಂದು ಮುಟ್ಟಿದೆವು. ಇಬ್ಬರ ದಾರವೂ ಒಂದು ಗೇಣು ಮಿಕ್ಕಿತ್ತು. ಗಂಟು ಹಾಕಬೇಕು. ಬಲಗಂಟು ಎಂದೆ ನಾನು. ಎಡಗಂಟು ಎಂದಳು ಅವಳು. "ಮೂವತ್ತಾರು ಪಟ್ಟೆ ಎಡ ಮಾಡಿ ಸಾಕಾಗ್ಲಿಲ್ವಾ ನಿಂಗೆ?" ಎಂದೆ. "ನನ್ನ ನೂಲಿಲ್ದೆ ಕೊಳವೆ ಹೊದ್ಕೊಂಡ್ ಮಲಗು ಹೋಗು" ಎಂದಳು. ಊರಿಗೆ ಊರೇ ನಕ್ಕಿತು, ನಾವಿಬ್ಬರೂ ಬಿಟ್ಟುಕೊಡಲಿಲ್ಲ. ಎರಡು ದಿನವಾಯಿತು. ಹೊದಿಕೆಯನ್ನು ಹಾಗೇ ಎತ್ತಿ ಬೆಟ್ಟದ ಮೇಲೆ ಹಾಸಿದ್ದಾರೆ, ಎರಡು ದಾರದ ತುದಿಗಳು ನಡುವಿನಲ್ಲಿ ಗಾಳಿಗೆ ಆಡುತ್ತಿವೆ. ನಾವಿಬ್ಬರೂ ದಿನಾ ಬೆಳಿಗ್ಗೆ ಹತ್ತಿ ಹೋಗಿ, ಅದರ ಎರಡು ಕಡೆ ಕೂತು, ಇನ್ನೊಬ್ಬಳು ಕದ್ದು ಗಂಟು ಹಾಕದ ಹಾಗೆ ಕಾಯುತ್ತೇವೆ. ಬುತ್ತಿಯನ್ನು ಅಲ್ಲೇ ಹಂಚಿಕೊಂಡು ತಿನ್ನುತ್ತೇವೆ.

ನಿನ್ನಪ್ಪ ಹೇಳುವ ಪ್ರಕಾರ ಈ ಗಂಟನ್ನು ಹಾಕಬಲ್ಲವರು ಊರಿನಲ್ಲಿ ಒಬ್ಬರೂ ಇಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿ ಅವಳ ಪಟ್ಟಿಯಲ್ಲಿ ಉಳಿದವಳು ಒಬ್ಬಳಿದ್ದಾಳೆ, ಕುಸ್ಕೋದಲ್ಲಿ. ಭಾನುವಾರ ಸಿಪ್ರಿಯಾನೋ ಲಾರಿ ಬರುತ್ತದೆ. ಹತ್ತಿಕೊಂಡು ಬಾ. ಬರುವಾಗ ಕರಪತ್ರ ಬೇಕಾದರೆ ತಾ, ಬೇಡ ಅನ್ನುವುದಿಲ್ಲ, ಬುತ್ತಿ ಕಟ್ಟಲು ಕಾಗದ ಮುಗಿದಿದೆ.

ನಿನಗೆಂದು ಎರಡು ಕದಿರು ತೆಗೆದಿಟ್ಟಿದ್ದೇವೆ, ನನ್ನದೊಂದು, ಅವಳದೊಂದು. ಯಾವ ಕೈಯಲ್ಲಿ ಹಿಡಿಯುತ್ತೀಯೋ ಹಿಡಿ. ನಾನಂತೂ ಬೇರೆ ಕಡೆ ನೋಡುತ್ತಿರುತ್ತೇನೆ.

ನಿನ್ನ ಅವ್ವ
ತಿಬುರ್ಸಿಯಾ

ಕೂಸೇ, ಇದು ವಿಸೆಂತಾ. ನಿನ್ನವ್ವ ನೋಡದಿದ್ದಾಗ ಬರೆಯುತ್ತಿದ್ದೇನೆ. ಈ ಸಲ ಎಡಗೈಯಲ್ಲಿ. ಅಕ್ಷರ ನೆಟ್ಟಗಿವೆಯೇ?